ಕೊಂದವರು ಯಾರೆಂದು ಊರಿಗೇ ಗೊತ್ತು

ಸಾಮಾನ್ಯ ಪತ್ತೇದಾರಿ ಕಾದಂಬರಿಯ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಕೊಲೆಗಾರ ಸಿಕ್ಕಿಬಿದ್ದಿರುತ್ತಾನೆ; ಓದುಗ ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಾನೆ. ಇಟಲಿಯ ಲಿಯೊನಾರ್ಡೊ ಶಾಶಾ ಬರೆದ ಕಥೆಗಳಲ್ಲಿ ಆ ನೆಮ್ಮದಿ ಇಲ್ಲ. ಕೊಂದವರು ಯಾರೆಂಬುದು ನಡುದಾರಿಯಲ್ಲೇ ತಿಳಿಯುತ್ತದೆ. ಅವರನ್ನು ಶಿಕ್ಷೆಯವರೆಗೆ ಮುಟ್ಟಿಸುವ ಮನಸ್ಸು ಮಾತ್ರ ಮೇಲಿನವರಲ್ಲಿ ಯಾರಿಗೂ ಇರುವುದಿಲ್ಲ.

ಶಾಶಾ ಹುಟ್ಟಿದ್ದು 1921ರಲ್ಲಿ, ಸಿಸಿಲಿ ದ್ವೀಪದ ರಕಾಲ್ಮೂತೊ ಎಂಬ ಗಂಧಕದ ಗಣಿಗಳ ಊರಿನಲ್ಲಿ. ಅಲ್ಲೇ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. 1961ರಲ್ಲಿ ಬಂದ ‘ಗೂಬೆಯ ಹಗಲು’ ಅವರಿಗೆ ಹೆಸರು ತಂದಿತು. ಕಾರ್ಮಿಕ ಮುಖಂಡ ಅಕ್ಕುರ್ಸಿಯೊ ಮಿರಾಲಿಯಾ 1947ರಲ್ಲಿ ಶಾಕ್ಕಾ ಪಟ್ಟಣದಲ್ಲಿ ಮಾಫಿಯಾ ಕೈಯಲ್ಲಿ ಹತನಾದದ್ದೇ ಅದಕ್ಕೆ ಪ್ರೇರಣೆ. ಮಾಫಿಯಾ ಎಂಬುದೇ ಇಲ್ಲ, ಅದೆಲ್ಲ ಕಟ್ಟುಕಥೆ ಎನ್ನುವ ರಾಜಕಾರಣಿಗಳಿಗೆ ಆಗ ಬರವಿರಲಿಲ್ಲ.

ಕಾದಂಬರಿ ಬೆಳಗಿನ ಜಾವದಲ್ಲಿ ಶುರುವಾಗುತ್ತದೆ. ಊರಿನ ಚೌಕದಿಂದ ಪಲೆರ್ಮೊ ಬಸ್ಸು ಇನ್ನೇನು ಹೊರಡಬೇಕು. ಓಡಿಬಂದು ಹತ್ತಲು ಹೋದವನ ಮೇಲೆ ಎರಡು ಗುಂಡು ಹಾರುತ್ತವೆ. ಪೊಲೀಸರು ಬಂದ ಮೇಲೆ ಪ್ರಯಾಣಿಕರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ; ಯಾರ್ಯಾರಿದ್ದರೆಂದು ಡ್ರೈವರಿಗೂ ನೆನಪಿಲ್ಲ, ಕಂಡಕ್ಟರಿಗೂ ನೆನಪಿಲ್ಲ. ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಪನೆಲ್ಲೆ ಮಾರುತ್ತಿದ್ದವನೂ ಮಾಯ. (ಪನೆಲ್ಲೆ ಎಂದರೆ ಕಡಲೆಹಿಟ್ಟನ್ನು ಬೇಯಿಸಿ ಎಣ್ಣೆಯಲ್ಲಿ ಕರಿದದ್ದು, ನಮ್ಮ ಬಜ್ಜಿಯ ದೂರದ ನೆಂಟ.) ಅವನನ್ನು ಹುಡುಕಿ ತಂದು ಗುಂಡು ಹೊಡೆದವರು ಯಾರೆಂದು ಕೇಳಿದರೆ, ಗುಂಡು ಹಾರಿತೇ ಎಂದು ಅವನೇ ಅಚ್ಚರಿಪಡುತ್ತಾನೆ. ಈ ಬಾಯಿಬೀಗಕ್ಕೆ ಸಿಸಿಲಿಯಲ್ಲಿ ‘ಒಮೆರ್ತಾ’ ಎನ್ನುತ್ತಾರೆ. ಅದಕ್ಕೆ ಬರೀ ಹೇಡಿತನ ಎಂದುಬಿಡುವುದು ಸುಲಭ. ಆದರೆ ಬಾಯಿ ಬಿಟ್ಟವನನ್ನು ಕಾಯುವ ಸರ್ಕಾರವೇ ಇಲ್ಲದ ಕಡೆ ಅದು ಬದುಕುವ ದಾರಿಯೂ ಹೌದು.

ಸತ್ತವನು ಸಣ್ಣ ಕಟ್ಟಡ ಗುತ್ತಿಗೆದಾರ. ‘ರಕ್ಷಣೆ’ಯ ಹೆಸರಿನ ಮಾಮೂಲಿಗೆ ಒಪ್ಪದಿದ್ದದ್ದೇ ಅವನ ತಪ್ಪು. ತನಿಖೆಗೆ ಬಂದ ಕ್ಯಾಪ್ಟನ್ ಬೆಲ್ಲೋದಿ ಉತ್ತರ ಇಟಲಿಯ ಪಾರ್ಮಾದವನು, ಕಾನೂನನ್ನು ನಂಬಿದವನು. ಆದರೂ ಆರೋಪಿಯ ಬಾಯಿ ಬಿಡಿಸಲು ಅವನು ಸುಳ್ಳು ಹೇಳಿಕೆಯೊಂದನ್ನು ಸೃಷ್ಟಿಸುತ್ತಾನೆ. ಫ್ಯಾಸಿಸ್ಟರ ಕಾಲದ ಅಧಿಕಾರಿ ಚೆಸಾರೆ ಮೋರಿಯಂತೆ ಕಾನೂನು ಬದಿಗಿಟ್ಟು ಎಲ್ಲರನ್ನೂ ಒಳಗೆ ಹಾಕಿಬಿಟ್ಟರೆ ಹೇಗೆ ಎಂಬ ಆಸೆಯೂ ಒಂದು ಗಳಿಗೆ ಅವನೊಳಗೆ ಸುಳಿದು ಹೋಗುತ್ತದೆ. ವಿಚಾರಣೆಯ ವೇಳೆ ಮಾಫಿಯಾ ಯಜಮಾನ ದೊನ್ ಮರಿಯಾನೊ ಮನುಷ್ಯಕುಲವನ್ನೇ ಐದು ದರ್ಜೆಗಳಾಗಿ ವಿಂಗಡಿಸಿ, ಬೆಲ್ಲೋದಿಗೆ ಮೊದಲ ದರ್ಜೆ ಕೊಡುತ್ತಾನೆ. ಬೆಲ್ಲೋದಿಯೂ ಅದೇ ಗೌರವವನ್ನು ಅವನಿಗೆ ಹಿಂದಿರುಗಿಸುತ್ತಾನೆ. ಹಾಗೆ ಮಾಡಿದ್ದಕ್ಕೆ ಒಳಗೊಳಗೇ ಇರಿಸುಮುರಿಸೂ ಪಡುತ್ತಾನೆ. ಇಡೀ ಪುಸ್ತಕದ ತಿರುಳು ಈ ಇರಿಸುಮುರಿಸಿನಲ್ಲಿದೆ.

ಬೆಲ್ಲೋದಿ ರಜೆಯ ಮೇಲೆ ಊರಿಗೆ ಹೋದಾಗ, ಆರೋಪಿ ಆ ದಿನ ಬೇರೆಲ್ಲೋ ಇದ್ದನೆಂದು ಮರ್ಯಾದಸ್ಥರು ಸಾಕ್ಷಿ ನುಡಿಯುತ್ತಾರೆ. ಕೊಲೆಗಾರನನ್ನು ಕಂಡ ತಪ್ಪಿಗೆ ಸತ್ತ ಬಡವನ ಸಾವಿಗೆ ಹೆಂಡತಿಯ ಅನೈತಿಕ ಸಂಬಂಧದ ಬಣ್ಣ ಬಳಿಯಲಾಗುತ್ತದೆ. ಯಜಮಾನ ಬಿಡುಗಡೆಯಾಗುತ್ತಾನೆ. ಇವೆಲ್ಲದರ ನಡುವೆ ರೋಮ್‌ನಲ್ಲಿ ಹೆಸರಿಲ್ಲದ ದೊಡ್ಡವರು ಫೋನಿನಲ್ಲಿ, ಪಿಸುದನಿಯಲ್ಲಿ ಮಾತಾಡುತ್ತಲೇ ಇರುತ್ತಾರೆ. ಮಾನನಷ್ಟದ ಕೇಸು ಬಿದ್ದೀತೆಂದು ಒಂದು ವರ್ಷ ಕೂತು ಪುಸ್ತಕವನ್ನು ಮೊಟಕು ಮಾಡಿದ್ದಾಗಿ ಶಾಶಾ ಅದರ ಕೊನೆಯ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ.

1966ರ ‘ಅವರವರದ್ದು ಅವರವರಿಗೆ’ ಇನ್ನೂ ಕಹಿ. ಅಲ್ಲಿ ಪತ್ತೆಗೆ ಇಳಿಯುವವನು ಲೌರಾನಾ ಎಂಬ ಮೇಷ್ಟ್ರು. ಸತ್ಯ ಕಂಡುಕೊಂಡರೂ ಪೊಲೀಸರಿಗೆ ಹೇಳುವ ಮನಸ್ಸಿಲ್ಲ ಅವನಿಗೆ. ಒಗಟು ಬಿಡಿಸುವ ಖುಷಿಯಷ್ಟೇ ಸಾಕು. ಅವನ ಹೆಣ ಪಾಳುಬಿದ್ದ ಗಂಧಕದ ಗಣಿ ಸೇರುತ್ತದೆ. ಅವನಿಗೆ ತಿಳಿದದ್ದು ಊರಿಗೆಲ್ಲ ಮೊದಲೇ ಗೊತ್ತಿತ್ತು ಎಂಬುದು ಕೊನೆಯಲ್ಲಿ ಬಯಲಾಗುತ್ತದೆ. 1971ರ ‘ಸಂದರ್ಭ’ ಹೆಸರಿಲ್ಲದ ದೇಶವೊಂದರ ಕಥೆ: ನ್ಯಾಯಾಧೀಶರು ಒಬ್ಬರ ಹಿಂದೊಬ್ಬರು ಕೊಲೆಯಾಗುತ್ತಾರೆ, ನ್ಯಾಯಾಲಯ ತಪ್ಪು ಮಾಡುವುದು ಸಾಧ್ಯವೇ ಇಲ್ಲ ಎಂದು ಮುಖ್ಯ ನ್ಯಾಯಾಧೀಶ ವಾದಿಸುತ್ತಾನೆ. ಫ್ರಾಂಚೆಸ್ಕೊ ರೋಸಿ 1976ರಲ್ಲಿ ಇದನ್ನು ಸಿನಿಮಾ ಮಾಡಿದರು.

‘ಗೂಬೆಯ ಹಗಲು’ ಕಾದಂಬರಿಯಲ್ಲಿ ಮೋರಿಯ ದಾರಿಯ ಆಸೆ ಕಳೆದ ಮೇಲೆ ಬೆಲ್ಲೋದಿಗೆ ಹೊಳೆಯುವ ಇನ್ನೊಂದು ಉಪಾಯವಿದೆ: ಬ್ಯಾಂಕಿನ ಲೆಕ್ಕ ನೋಡಿ, ಆದಾಯಕ್ಕೂ ಆಸ್ತಿಗೂ ತಾಳೆಯಾಗುತ್ತದೆಯೇ ಪರೀಕ್ಷಿಸಿ. ಇಟಲಿಯ ಕಾನೂನು ಅಲ್ಲಿಗೆ ಬರಲು ಇಪ್ಪತ್ತೊಂದು ವರ್ಷ ಹಿಡಿಯಿತು. ಸಂಸದ ಪಿಯೊ ಲಾ ತೊರ್ರೆ ಮತ್ತು ಜನರಲ್ ದಲ್ಲಾ ಕಿಯೇಸಾ ಕೊಲೆಯಾದ ಮೇಲೆ, 1982ರ ಸೆಪ್ಟೆಂಬರಿನಲ್ಲಿ, ಮಾಫಿಯಾ ಸದಸ್ಯತ್ವವೇ ಅಪರಾಧ ಎನ್ನುವ ಮತ್ತು ಆಸ್ತಿ ಮುಟ್ಟುಗೋಲಿಗೆ ಅವಕಾಶ ಕೊಡುವ ಕಾನೂನು ಬಂತು. ಹಣದ ಜಾಡು ಹಿಡಿದೇ ಹೊರಟ ತನಿಖಾ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಮತ್ತು ಸಂಗಡಿಗರು ಕಟ್ಟಿದ ಪಲೆರ್ಮೊ ಮಾಫಿಯಾ ಮೊಕದ್ದಮೆಯಲ್ಲಿ 1987ರ ಡಿಸೆಂಬರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಶಾಶಾ 1989ರ ನವೆಂಬರಿನಲ್ಲಿ ತೀರಿಕೊಂಡರು. ಆ ಶಿಕ್ಷೆಗಳನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 1992ರ ಜನವರಿಯಲ್ಲಿ. ಅದೇ ವರ್ಷದ ಮೇ 23ರಂದು ಕಪಾಚಿ ಬಳಿ ಹೆದ್ದಾರಿಯಡಿ ಇಟ್ಟ ಸ್ಫೋಟಕಕ್ಕೆ ಫಾಲ್ಕೋನೆ ಬಲಿಯಾದರು.