ಗಿಟಾರಿನ ಹೊಟ್ಟೆಯೊಳಗೆ ಎಷ್ಟು ಬೆಸುಗೆ ಬೇಕು?

ಸ್ಟ್ರಾಟೊಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರಿನ ಪಿಕ್‌ಗಾರ್ಡ್ ಬಿಚ್ಚಿ ಮಗುಚಿ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ವಾಲ್ಯೂಮ್ ಪಾಟ್‌ನ ಬೆನ್ನ ಮೇಲೆ ಗುಪ್ಪೆಗಟ್ಟಿದ ಸೋಲ್ಡರ್. ಮೂರು ಪಿಕಪ್‌ಗಳಿಂದ ಬಂದ ಮೂರು ವೈರ್, ಹಿಂಬದಿಯಲ್ಲಿ ಸ್ಪ್ರಿಂಗ್‌ಗಳನ್ನು ಹಿಡಿದ ಲೋಹದ ತುಂಡಿನಿಂದ ಬಂದದ್ದೊಂದು, ಜ್ಯಾಕ್‌ಗೆ ಹೋಗುವುದೊಂದು, ಟೋನ್ ಪಾಟ್‌ಗಳ ಕಡೆಗೆ ಹೋಗುವುದೊಂದು. ಸಾಲದ್ದಕ್ಕೆ ಪಾಟ್‌ನ ಮೂರನೆಯ ಕಾಲನ್ನೂ ಬಗ್ಗಿಸಿ ಅದರ ಬೆನ್ನಿಗೇ ಬೆಸೆದಿರುತ್ತಾರೆ. ಎರಡೂವರೆ ಸೆಂಟಿಮೀಟರ್ ಅಗಲವೂ ಇಲ್ಲದ ಆ ತಗಡಿಗೆ ಇಷ್ಟೂ ಗ್ರೌಂಡ್ ವೈರ್‌ಗಳು ಸಂತೆಯ ದಿನದ ಬಸ್ಸಿಗೆ ಜನ ಜೋತುಬಿದ್ದಂತೆ ಜೋತುಬಿದ್ದಿರುತ್ತವೆ. ಫೆಂಡರ್ ಕಂಪನಿ 1954ರಲ್ಲಿ ಈ ಗಿಟಾರನ್ನು ಹೊರತಂದ ಮೇಲೆ ಪಿಕಪ್‌ಗಳ ಬಗ್ಗೆ ಆದಷ್ಟು ಚರ್ಚೆ ಈ ಗುಪ್ಪೆಯ ಬಗ್ಗೆ ಆಗಿಲ್ಲ. ಪಾಟ್‌ನ ಬೆನ್ನನ್ನು ಅದರ ಪಾಡಿಗೆ ಬಿಟ್ಟು, ಗ್ರೌಂಡ್ ತುದಿಗಳನ್ನೆಲ್ಲ ಬೇರೊಂದು ಕಡೆ ಒಟ್ಟುಗೂಡಿಸಿದರೆ ಬೆಸುಗೆಗಳಲ್ಲಿ ಹಲವು ಬೇಕೇ ಆಗುವುದಿಲ್ಲ, ಉಳಿದವು ಸುಲಭವಾಗುತ್ತವೆ. ಈ ಸಲಹೆ ಹೊಸದೇನಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ತಪ್ಪು, ಸರಿಯಾದ ಕಾರಣವನ್ನು ಹೇಳುವವರು ಕಡಿಮೆ.

ಸಾಮಾನ್ಯವಾಗಿ ಕೇಳಿಬರುವ ಕಾರಣ 'ಗ್ರೌಂಡ್ ಲೂಪ್'. ಒಂದು ಪಾಟ್‌ನಿಂದ ಇನ್ನೊಂದಕ್ಕೆ ವೈರ್ ಎಳೆದಿದ್ದು, ಅವುಗಳ ಕೆಳಗಿನ ಅಲ್ಯೂಮಿನಿಯಂ ಹಾಳೆಯೂ ಅವೆರಡನ್ನು ಜೋಡಿಸಿದ್ದರೆ ಒಂದು ಉಂಗುರ ಆಗುತ್ತದೆ, ಆ ಉಂಗುರವೇ ಗುಂಯ್ ಎನ್ನುವ ಸದ್ದನ್ನು ಹೀರಿಕೊಳ್ಳುತ್ತದೆ ಎನ್ನುವುದು ವಾದ. ಲೆಕ್ಕ ಹಾಕಿ ನೋಡೋಣ. ಸುತ್ತಲಿನ ಕರೆಂಟಿನ ಕಾಂತಕ್ಷೇತ್ರ ಒಂದು ಸುರುಳಿಯಲ್ಲಿ ಎಷ್ಟು ವೋಲ್ಟೇಜ್ ಹುಟ್ಟಿಸುತ್ತದೆ ಎನ್ನುವುದು ಆ ಸುರುಳಿಯ ವಿಸ್ತೀರ್ಣ ಮತ್ತು ಸುತ್ತುಗಳ ಸಂಖ್ಯೆಯನ್ನು ಅವಲಂಬಿಸಿದೆ. ಸಿಂಗಲ್ ಕಾಯಿಲ್ ಪಿಕಪ್ ಒಂದರಲ್ಲಿ ಸುಮಾರು 8,000 ಸುತ್ತು, ಒಂದೊಂದು ಸುತ್ತಿನ ವಿಸ್ತೀರ್ಣ ಆರು ಚದರ ಸೆಂಟಿಮೀಟರ್ ಆಸುಪಾಸು, ಒಟ್ಟು 48,000. ಪಾಟ್‌ಗಳ ನಡುವಿನ ಉಂಗುರ ಹತ್ತು ಸೆಂಟಿಮೀಟರ್ ಉದ್ದ, ಐದು ಅಗಲ ಎಂದುಕೊಂಡರೂ 50 ಚದರ ಸೆಂಟಿಮೀಟರ್, ಅದೂ ಒಂದೇ ಸುತ್ತು. ಎಂದರೆ ಉಂಗುರದಲ್ಲಿ ಹುಟ್ಟುವುದು ಪಿಕಪ್ ತಾನೇ ಹಿಡಿಯುವ ಸದ್ದಿನ ಸಾವಿರದಲ್ಲೊಂದು ಪಾಲು. ಆ ಪಾಲೂ ಸಿಗ್ನಲ್ ಸಾಗುವ ದಾರಿಗೆ ಪೂರ್ತಿಯಾಗಿ ಬಂದು ಸೇರುವುದಿಲ್ಲ. ವೈರ್‌ನ ಪ್ರತಿರೋಧವನ್ನೂ ದೂರುವಂತಿಲ್ಲ. ಒಳಗೆ ಬಳಸುವ 22 ಗೇಜ್ ತಾಮ್ರದ ವೈರ್ ಹತ್ತು ಸೆಂಟಿಮೀಟರ್‌ಗೆ ಒಡ್ಡುವುದು ಐದು ಮಿಲಿಓಮ್‌ನಷ್ಟು. ಪಿಕಪ್‌ನ ಪ್ರತಿರೋಧ ಆರು ಸಾವಿರ ಓಮ್ ಸುಮಾರು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿಯಿಲ್ಲದ ಸಾಮಾನ್ಯ ಗಿಟಾರಿಗೂ ಹೊರಗಿನ ಅರ್ಥ್‌ಗೂ ಇರುವುದು ಒಂದೇ ದಾರಿ, ಕೇಬಲ್ಲಿನ ಹೊರಕವಚ. ಎರಡು ಉಪಕರಣಗಳು ಎರಡು ದಾರಿಯಲ್ಲಿ ಅರ್ಥ್ ಆದಾಗ ಹುಟ್ಟುವ ನಿಜವಾದ ಗ್ರೌಂಡ್ ಲೂಪ್ ಗಿಟಾರಿನೊಳಗೆ ಹುಟ್ಟಲು ಎಡೆಯೇ ಇಲ್ಲ.

ಈ ಭಯ ಬಂದದ್ದು ಬಹುಶಃ ಆಂಪ್ಲಿಫೈಯರ್‌ಗಳಿಂದ. ವಾಲ್ವ್ ಆಂಪ್‌ನಲ್ಲಿ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಗ್ರೌಂಡ್ ದಾರಿಯಲ್ಲಿ ಜೋರು ಕರೆಂಟು ಹರಿಯುತ್ತದೆ. ಅದೇ ದಾರಿಯನ್ನು ಸೂಕ್ಷ್ಮವಾದ ಮೊದಲ ಹಂತವೂ ಹಂಚಿಕೊಂಡರೆ ಗುಂಯ್ ಎನ್ನುವುದು ಖಂಡಿತ. ಅಲ್ಲಿ ಗ್ರೌಂಡುಗಳನ್ನು ಯೋಚಿಸಿ ಒಂದೆಡೆ ಸೇರಿಸುವುದಕ್ಕೆ ಅರ್ಥವಿದೆ. ಗಿಟಾರಿನಲ್ಲಿ ಹರಿಯುವುದು ಮೈಕ್ರೋಆಂಪ್ ಲೆಕ್ಕದ ಕರೆಂಟು. ಅಲ್ಲಿನ ಗುಂಯ್‌ಗೆ ಮೂಲ ಬೇರೆ. ಪಿಕಪ್ ಕಾಂತಕ್ಷೇತ್ರವನ್ನು ಹಿಡಿಯುವುದು ಒಂದು; ಗಿಟಾರ್ ಹಿಡಿದ ದಿಕ್ಕನ್ನು ಬದಲಿಸಿದಾಗ ಸದ್ದು ಏರಿಳಿದರೆ ಅದು ಇದೇ. ಇದನ್ನು ವೈರಿಂಗ್ ತಡೆಯಲಾರದು, ತಾಮ್ರದ ಹಾಳೆಯೂ ತಡೆಯಲಾರದು. ಗಿಬ್ಸನ್ ಕಂಪನಿಯಲ್ಲಿ 1955ರಲ್ಲಿ ಸೇಥ್ ಲವರ್ ರೂಪಿಸಿದಂಥ ಜೋಡಿ ಸುರುಳಿಯ ಹಂಬಕರ್ ಮಾತ್ರ ತಡೆದೀತು. ನುಡಿಸುವವರ ಮೈಯೇ ಆಂಟೆನಾ ಆಗಿ ಹಿಡಿದು ತರುವ ಸದ್ದು ಇನ್ನೊಂದು. ತಂತಿ ಮುಟ್ಟಿದೊಡನೆ ಅದು ಇಳಿಯುತ್ತದೆ, ಏಕೆಂದರೆ ತಂತಿ ಬ್ರಿಡ್ಜ್ ಮೂಲಕ ಗ್ರೌಂಡ್ ಆಗಿದೆ. ಮುಟ್ಟಿದರೆ ಇಳಿಯುವ ಬದಲು ಏರಿದರೆ ಬ್ರಿಡ್ಜ್‌ನ ವೈರ್ ಕಿತ್ತಿದೆ ಅಥವಾ ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆ ಎಂದು ಅನುಮಾನಿಸಬೇಕು. ಎರಡೂ ಸಂದರ್ಭಗಳಲ್ಲಿ ಪಾಟ್‌ಗಳ ನಡುವಿನ ಉಂಗುರಕ್ಕೆ ಪಾತ್ರವಿಲ್ಲ.

ಹಾಗಿದ್ದ ಮೇಲೆ ಇದ್ದದ್ದು ಇದ್ದ ಹಾಗೆ ಇರಲಿ ಎನ್ನಬಹುದಲ್ಲ? ಇರಬಾರದು, ಅದಕ್ಕೆ ಕಾರಣ ಶಾಖ. ಪಾಟ್‌ನ ಬೆನ್ನು ಲೋಹದ ಟೋಪಿ. ಐರನ್ ಇಟ್ಟಕೂಡಲೇ ಅದು ಶಾಖವನ್ನು ಹೀರಿ ಸುತ್ತ ಹರಡಿಬಿಡುತ್ತದೆ. ಸಣ್ಣ 25 ವಾಟ್ ಐರನ್ ಹಿಡಿದವರು ಕಾಯುತ್ತಾರೆ, ಒತ್ತುತ್ತಾರೆ, ಮತ್ತೆ ಕಾಯುತ್ತಾರೆ. ಅಷ್ಟರಲ್ಲಿ ಟೋಪಿಯ ಒಳಗಿನ ಕಾರ್ಬನ್ ಪಟ್ಟಿ ಮತ್ತು ಗ್ರೀಸ್ ಬೇಯುತ್ತಿರುತ್ತವೆ. ಆಮೇಲೆ ನಾಬ್ ತಿರುಗಿಸಿದಾಗಲೆಲ್ಲ ಚರಚರ. ಇಷ್ಟಾದರೂ ಬೆಸುಗೆ ಸರಿಯಾಗಿ ಕೂರುತ್ತದೆ ಎನ್ನುವ ಭರವಸೆಯಿಲ್ಲ. ಬಿಸಿ ಸಾಲದ ಸೋಲ್ಡರ್ ತಗಡಿಗೆ ಹರಡಿಕೊಳ್ಳದೆ ಅಂಚು ಒಳಕ್ಕೆ ಮಡಚಿದ ಉಂಡೆಯಾಗಿ ನಿಲ್ಲುತ್ತದೆ, ಉಗುರಿನಿಂದ ಮೀಟಿದರೆ ಕಿತ್ತು ಬರುತ್ತದೆ. ಈ ಉಂಡೆಗೆ ಹೊಸ ಪಿಕಪ್‌ನ ವೈರ್ ಸೇರಿಸಬೇಕಾದಾಗ ಮತ್ತೆ ಅಷ್ಟೂ ಬಿಸಿ, ಮತ್ತೆ ಉಳಿದ ವೈರ್‌ಗಳೂ ಸಡಿಲ. ಅದೇ ಒಂದು ತೆಳು ಹಿತ್ತಾಳೆಯ ರಿಂಗ್ ಲಗ್ಗಿಗೋ ತವರ ಲೇಪಿಸಿದ ಬರಿ ತಾಮ್ರದ ವೈರಿಗೋ ಬೆಸೆದರೆ ಎರಡು ಸೆಕೆಂಡಿನ ಕೆಲಸ. 63 ಪಾಲು ತವರ, 37 ಪಾಲು ಸೀಸದ ಸೋಲ್ಡರ್ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ, ನಡುವೆ ಅರೆಗಟ್ಟಿಯ ಹಂತವಿಲ್ಲ. ಆರುವಾಗ ಕೈ ಅಲುಗಿ ಬೆಸುಗೆ ಕೆಡುವ ಸಂಭವ ಕಡಿಮೆ. ಸೀಸವಿಲ್ಲದ್ದಕ್ಕೆ ಸುಮಾರು 217 ಡಿಗ್ರಿ ಬೇಕು. ಪಾಟ್‌ನ ಬೆನ್ನಿಗೆ ಅದು ಇನ್ನೂ ಕಷ್ಟ, ಲಗ್ಗಿಗೆ ಏನೂ ತೊಂದರೆಯಿಲ್ಲ.

ಸರಳಗೊಳಿಸುವ ಕ್ರಮವೂ ಸರಳವೇ. ಪಿಕ್‌ಗಾರ್ಡ್‌ನ ಅಡಿಯಲ್ಲಿ ಪಾಟ್‌ಗಳಿರುವ ಜಾಗಕ್ಕೆ ಲೋಹದ ಹಾಳೆ ಇದ್ದೇ ಇದ್ದರೆ ಸರಿ, ಇಲ್ಲದಿದ್ದರೆ ತಾಮ್ರದ ಟೇಪ್ ಅಂಟಿಸಬೇಕು. ನಟ್ ಬಿಗಿ ಮಾಡಿದಾಗ ಮೂರೂ ಪಾಟ್‌ಗಳ ಟೋಪಿ ಆ ಹಾಳೆಯ ಮೂಲಕವೇ ಒಂದಾಗುತ್ತವೆ. ಅವುಗಳ ನಡುವೆ ಪ್ರತ್ಯೇಕ ವೈರ್ ಬೇಡ. ಒಂದು ಪಾಟ್‌ನ ಕೆಳಗೆ, ಹಾಳೆಗೆ ತಾಗುವಂತೆ, ರಿಂಗ್ ಲಗ್ ಸಿಕ್ಕಿಸಿ ಪಿಕಪ್, ಜ್ಯಾಕ್, ಸ್ಪ್ರಿಂಗ್, ಕೆಪಾಸಿಟರ್, ವಾಲ್ಯೂಮಿನ ಮೂರನೆಯ ಕಾಲು, ಎಲ್ಲದರ ಗ್ರೌಂಡ್ ತುದಿಯನ್ನೂ ಅಲ್ಲಿಗೆ ತಂದರೆ ಮುಗಿಯಿತು. ಫೆಂಡರ್‌ನದೇ ಟೆಲಿಕಾಸ್ಟರ್ ಗಿಟಾರಿನಲ್ಲಿ ಲೋಹದ ಕಂಟ್ರೋಲ್ ಪ್ಲೇಟೇ ಈ ಹಾಳೆಯ ಕೆಲಸ ಮಾಡುತ್ತದೆ. ಗಿಬ್ಸನ್‌ನ ಲೆಸ್ ಪಾಲ್ ಗಿಟಾರಿನ ವಿಷಯ ಸ್ವಲ್ಪ ಬೇರೆ: ನಾಲ್ಕು ಪಾಟ್‌ಗಳು ಬರಿ ಮರಕ್ಕೆ ಸಿಕ್ಕಿಸಿದವು, ಹಳೆಯ ಪದ್ಧತಿಯ ವೈರ್‌ಗೆ ಲೋಹದ ಹೆಣಿಗೆಯ ಕವಚ, ಆ ಕವಚವೇ ಗ್ರೌಂಡ್. ಅಲ್ಲಿ ನಾಲ್ಕೂ ಪಾಟ್‌ಗಳ ಕೆಳಗೆ ಒಂದು ಲೋಹದ ಪ್ಲೇಟ್ ಹಾಕದೆ ಬೆನ್ನಿನ ಬೆಸುಗೆ ಬಿಡುವುದು ಕಷ್ಟ.

ಇದಕ್ಕೆ ಬರುವ ಬಲವಾದ ಆಕ್ಷೇಪ, ಒತ್ತಡದಿಂದ ತಾಗಿರುವ ಲೋಹ ಎಷ್ಟು ದಿನ ಬಾಳುತ್ತದೆ ಎನ್ನುವುದು. ನಟ್ ಸಡಿಲಗೊಳ್ಳುತ್ತದೆ, ಮಂಗಳೂರು ಕಾರವಾರಗಳ ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯುತ್ತದೆ. ಆಕ್ಷೇಪ ನಿಜ; ಹಲ್ಲಿನ ವಾಷರ್ ಹಾಕಿ ಬಿಗಿ ಮಾಡುವುದು, ತಂತಿ ಬದಲಿಸುವಾಗ ಮಲ್ಟಿಮೀಟರ್‌ನಿಂದ ಬ್ರಿಡ್ಜ್‌ಗೂ ಜ್ಯಾಕ್‌ನ ಹೊರಬಳೆಗೂ ನಡುವೆ ಒಂದು ಓಮ್‌ಗಿಂತ ಕಡಿಮೆ ಇದೆಯೇ ಎಂದು ನೋಡುವುದು ಅದಕ್ಕೆ ಪರಿಹಾರ. ಆದರೆ ಆಕ್ಷೇಪಿಸುವವರು ಮರೆಯುವ ಸಂಗತಿಯೂ ಇದೆ. ಟೆಲಿಕಾಸ್ಟರಿನ ಬ್ರಿಡ್ಜ್ ಗ್ರೌಂಡ್ ಆಗುವುದೇ ಪಿಕಪ್‌ನ ತಳದ ತಗಡು ಮತ್ತು ಅದನ್ನು ಹಿಡಿದ ಸ್ಕ್ರೂಗಳ ಮೂಲಕ. ಲೆಸ್ ಪಾಲ್‌ನಲ್ಲಿ ತಂತಿಗಳ ಗ್ರೌಂಡ್ ವೈರನ್ನು ರಂಧ್ರದೊಳಗೆ ಲೋಹದ ಬುಷ್ ಒತ್ತಿ ಹಿಡಿದಿರುತ್ತದೆ, ಬೆಸುಗೆಯೇ ಇಲ್ಲ. ಹಳೆಯ ಗಿಟಾರುಗಳು ಬೆನ್ನಿನ ಬೆಸುಗೆಯೊಂದಿಗೇ ಎಪ್ಪತ್ತು ವರ್ಷ ಬಾಳಿವೆಯಲ್ಲ ಎನ್ನುವವರಿಗೂ ಇದೇ ಉತ್ತರ: ಅದೇ ಗಿಟಾರುಗಳಲ್ಲಿ ಬೆಸೆಯದ ಕೊಂಡಿಗಳೂ ಅಷ್ಟೇ ವರ್ಷ ಬಾಳಿವೆ. ಅಲ್ಲಿನ ಬೆಸುಗೆ ದಿನವಿಡೀ ಅದೊಂದೇ ಕೆಲಸ ಮಾಡುತ್ತಿದ್ದ ಕೈಗಳದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐರನ್ ಕೊಂಡು ಮನೆಯಲ್ಲಿ ಪಿಕಪ್ ಬದಲಿಸುವವರಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಬೆಸುಗೆಯನ್ನೇ ಕೈಬಿಟ್ಟು ಪಿಕಪ್ ತಯಾರಿಸುವ ಇಎಂಜಿ ಕಂಪನಿಯವರಂತೆ ಚುಚ್ಚು ಕನೆಕ್ಟರ್ ಬಳಸಬಹುದು, ಅನುಕೂಲವೂ ಹೌದು. ಒಬ್ಬರ ಕನೆಕ್ಟರ್ ಇನ್ನೊಬ್ಬರ ಪಿಕಪ್‌ಗೆ ಕೂರದಿದ್ದಾಗ ಮಾತ್ರ ಮತ್ತೆ ಐರನ್ನೇ ಗತಿ.

ಸರಳಗೊಳಿಸುವ ಹುಮ್ಮಸ್ಸಿನಲ್ಲಿ ಬ್ರಿಡ್ಜ್‌ಗೆ ಹೋಗುವ ವೈರನ್ನು ಕಿತ್ತುಹಾಕಬಾರದು. ಆ ವೈರ್ ಇರುವುದೇ ಅಪಾಯ ಎನ್ನುವವರಿದ್ದಾರೆ, ಅವರ ಮಾತು ಪೊಳ್ಳಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್‌ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆ ಮೈಕ್ ಮುಟ್ಟಿ ಶಾಕ್‌ನಿಂದ ಸತ್ತರು. ಮೈಕ್‌ಗೆ ಸರಿಯಾದ ಅರ್ಥ್ ಇರಲಿಲ್ಲ, ಇನ್ನೊಂದು ಕೈ ಗಿಟಾರಿನ ತಂತಿಯ ಮೇಲಿತ್ತು. ಇಂಥದ್ದನ್ನು ತಪ್ಪಿಸಲು ತಂತಿಗಳ ಗ್ರೌಂಡ್ ವೈರಿನ ನಡುವೆ 0.33 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸುವ ಸಲಹೆ ಅಮೆರಿಕದ ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ದೇಹದ ಪ್ರತಿರೋಧವನ್ನು ಬದಿಗಿಟ್ಟು ನೋಡಿದರೆ ಅಲ್ಲಿನ 120 ವೋಲ್ಟ್, 60 ಹರ್ಟ್ಸ್‌ನಲ್ಲಿ ಅದು ಸುಮಾರು 15 ಮಿಲಿಆಂಪ್ ಹರಿಯಗೊಡುತ್ತದೆ. ನಮ್ಮ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 24. ಹಿಡಿದದ್ದನ್ನು ಬಿಡಲಾಗದಂತೆ ಸ್ನಾಯು ಬಿಗಿದುಕೊಳ್ಳಲು ಅದರ ಅರ್ಧದಷ್ಟೇ ಸಾಕಾಗಬಹುದು. ಇನ್ನೂ ಚಿಕ್ಕ ಕೆಪಾಸಿಟರ್ ಹಾಕಿದರೆ ಕರೆಂಟು ಇಳಿಯುತ್ತದೆ, ಜೊತೆಗೆ ಮೈಯ ಗುಂಯ್ ಸದ್ದನ್ನು ಇಳಿಸುವ ಶಕ್ತಿಯೂ ಇಳಿಯುತ್ತದೆ. ಆ ಬಿಡಿಭಾಗದ ಬದಲು, ಆಂಪ್ ಮತ್ತು ಮೈಕ್‌ನ ಮಿಕ್ಸರ್ ಎರಡನ್ನೂ ಒಂದೇ ಅರ್ಥ್ ಇರುವ ಸಾಕೆಟ್ಟಿಗೆ ಹಾಕಿ, ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದು ನೋಡಬೇಕು. ಮೂರನೆಯ ಪಿನ್ನಿಗೆ ವೈರೇ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಗಿಟಾರ್ ಬಿಚ್ಚುವ ಮೊದಲು ಅದನ್ನು ಬದಲಾಯಿಸಬೇಕು.