ಬಿಗಿಯ ಲೆಕ್ಕ

ನಟ್ಟು ತಿರುಗಿಸುವುದು ತೋಳಿಗೆ ಸೇರಿದ ಕೆಲಸ, ತಲೆಗೆ ಸೇರಿದ್ದಲ್ಲ ಎಂದು ಬಹುಕಾಲ ನಂಬಿದ್ದವನು ನಾನು. ಆ ನಂಬಿಕೆ ಮುರಿದು ಬಿದ್ದದ್ದು ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ. ನಂಬಿಕೆಯ ಜೊತೆಗೆ, ತಂದೆಯವರು ನಮಗೆ ಬಿಟ್ಟುಹೋದ ಮಾರಿಸ್ ಮೈನರ್ ಕಾರಿನ ಎಂಜಿನ್ನೂ ಹಾಳಾಗುವುದರಲ್ಲಿತ್ತು.

ನಮ್ಮದು 1954ರ ಮಾದರಿ. ಈ ಕಾರು 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಾಗ ಅದಕ್ಕಿದ್ದದ್ದು ಹಳೆಯ ಕಾಲದ ಎಂಜಿನ್. ಮಾರಿಸ್ ಮತ್ತು ಆಸ್ಟಿನ್ ಮನೆತನಗಳು 1952ರಲ್ಲಿ ಒಂದಾದ ಮೇಲೆ ಆಸ್ಟಿನ್ನಿನ 803 ಸಿ.ಸಿ. ಎಂಜಿನ್ ಅದರೊಳಗೆ ಬಂದು ಕುಳಿತಿತು. ಎಂಜಿನ್ನಿನ ಕೆಳಗಿನ ಒಡಲು ಬ್ಲಾಕ್. ಅದರ ಮೇಲಿನ ಭಾರವಾದ ಮುಚ್ಚಳ ಸಿಲಿಂಡರ್ ಹೆಡ್. ಎರಡರ ನಡುವೆ ತಾಮ್ರ ಹೊದಿಸಿದ ಕಲ್ನಾರಿನ ತೆಳು ಹಾಳೆಯೊಂದಿರುತ್ತದೆ, ಅದೇ ಗ್ಯಾಸ್ಕೆಟ್. ಬ್ಲಾಕಿನಿಂದ ಮೇಲೆದ್ದ ಒಂಬತ್ತು ಸ್ಟಡ್ಡುಗಳು ಹೆಡ್ಡಿನ ತೂತುಗಳಲ್ಲಿ ಹಾದುಬರುತ್ತವೆ. ಅವುಗಳ ತಲೆಯ ಮೇಲೆ ಒಂಬತ್ತು ನಟ್ಟು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಲ್ಲಿ ಒಟ್ಟು ಸೆಕೆಂಡಿಗೆ 100 ಬಾರಿ ಕಿಡಿ ಹೊತ್ತುತ್ತದೆ. ನೂರು ಬಾರಿಯೂ ಅನಿಲ ಆ ಮುಚ್ಚಳವನ್ನು ಮೇಲಕ್ಕೆ ಒದೆಯುತ್ತದೆ. ಉರಿಯುವ ಅನಿಲ, ನೀರು, ಎಣ್ಣೆ ಒಂದಕ್ಕೊಂದು ಬೆರೆಯದಂತೆ ಕಾಯುವ ಗೋಡೆ ಆ ತೆಳು ಹಾಳೆಯೊಂದೇ.

ದಸರೆಯ ರಜೆಯಲ್ಲಿ ಆ ಹಾಳೆಯನ್ನು ನಾನೇ ಬದಲಿಸಿದೆ. ಅಂಗಿಯ ಗುಂಡಿ ಹಾಕಿಕೊಳ್ಳುವ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಟ್ಟುಗಳನ್ನು ಬಿಗಿದೆ. ಮರುದಿನ ಅಂಚಿನಲ್ಲಿ ನೀರು ಜಿನುಗುತ್ತಿತ್ತು. ಬಿಗಿ ಸಾಲದೆಂದು ತೀರ್ಮಾನಿಸಿ, ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆ ತೊಡಿಸಿ ಎಳೆದೆ. ಒಂದು ನಟ್ಟು ಮೊದಲು ಹಟ ಹಿಡಿದು, ಆಮೇಲೆ ಇದ್ದಕ್ಕಿದ್ದಂತೆ ಸರಾಗವಾಗಿ ತಿರುಗಿತು. ಆ ಸರಾಗವನ್ನು ನಾನು ವಿಧೇಯತೆ ಎಂದು ತಿಳಿದೆ. ಜಿನುಗೂ ನಿಂತಿತು. ಎರಡು ದಿನ ಬಿಟ್ಟು ವೃದ್ಧರಾದ ತಾಯಿಯವರನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೊರಟೆ. ಅರ್ಧ ಏರುವಷ್ಟರಲ್ಲಿ ಮುಂಭಾಗವೆಲ್ಲ ಹಬೆ. ಎಣ್ಣೆ ನೋಡುವ ಕಡ್ಡಿಯನ್ನು ಎಳೆದರೆ ಅದರ ತುದಿಯಲ್ಲಿ ಮಜ್ಜಿಗೆಯ ಬಣ್ಣದ ಲೇಪ. ನೀರು ಎಣ್ಣೆಗೆ ಇಳಿದಿತ್ತು. ಬಿಸಿಲಿನಲ್ಲಿ ಕಲ್ಲಿನ ಮೇಲೆ ಕುಳಿತ ತಾಯಿಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು.

ಕಾರನ್ನು ಎಳೆಸಿಕೊಂಡು ಹೋದದ್ದು ತಂದೆಯವರ ಕಾಲದಿಂದ ಅದನ್ನು ಬಲ್ಲ ಮುದುಕ ಮೇಸ್ತ್ರಿಯ ಬಳಿಗೆ.

“ಎಷ್ಟು ಬಿಗಿ ಮಾಡಿದಿರಿ, ಮೇಷ್ಟ್ರೇ?”

“ಕೈಲಾದಷ್ಟು.”

“ನಿಮ್ಮ ಕೈಲಿ ಎಷ್ಟಾಗುತ್ತೆ ಅಂತ ಈ ಸ್ಟಡ್ಡಿಗೆ ಹೇಗೆ ಗೊತ್ತಾಗಬೇಕು, ಸ್ವಾಮಿ?”

ಅವರು ಆ ಸ್ಟಡ್ಡನ್ನು ಬಿಚ್ಚಿ, ಹೊಸದೊಂದರ ಪಕ್ಕದಲ್ಲಿ ಮಲಗಿಸಿ ತೋರಿಸಿದರು. ಹಳೆಯದು ಕೂದಲೆಳೆಯಷ್ಟು ಉದ್ದವಾಗಿತ್ತು. ಒಂದೆಡೆ ಸೊಂಟ ಸಣ್ಣಗಾಗಿತ್ತು. ಹೊಸ ನಟ್ಟೊಂದನ್ನು ಬೆರಳಿನಿಂದ ತಿರುಗಿಸಿದರೆ ಆ ಜಾಗದಲ್ಲಿ ತೊಡರಿ ನಿಂತುಬಿಡುತ್ತಿತ್ತು. ನಾನು ಸರಾಗವೆಂದುಕೊಂಡದ್ದು ಉಕ್ಕು ಸೋತ ಘಳಿಗೆ.

ಸ್ಟಡ್ಡು ಎಂದರೆ ಒಂದು ಬಗೆಯ ಸ್ಪ್ರಿಂಗು ಎಂಬ ಮಾತು ನನಗೆ ಅಂದು ತಿಳಿಯಿತು. ನಟ್ಟು ಇಳಿದಂತೆ ಸ್ಟಡ್ಡು ಅತ್ಯಲ್ಪವಾಗಿ ಹಿಗ್ಗುತ್ತದೆ. ಹಿಂದಿನ ಉದ್ದಕ್ಕೆ ಮರಳಬೇಕೆಂಬ ಅದರ ಹವಣಿಕೆಯೇ ಹೆಡ್ಡನ್ನು ಅದುಮಿ ಹಿಡಿಯುವ ಶಕ್ತಿ. ಮಿತಿ ಮೀರಿ ಎಳೆದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಬೆರಗುಗೊಳಿಸಿತು. ಸ್ಪ್ಯಾನರಿನ ಮೇಲೆ ನಾವು ಹಾಕುವ ಶ್ರಮದಲ್ಲಿ ಸುಮಾರು ಅರ್ಧ ಪಾಲು ನಟ್ಟಿನ ತಳದ ಉಜ್ಜಾಟಕ್ಕೆ ಹೋಗುತ್ತದೆ. ನೂರಕ್ಕೆ ನಲವತ್ತರಷ್ಟು ಮರೆಯ ಸುತ್ತುಗಳ ಉಜ್ಜಾಟಕ್ಕೆ. ಸ್ಟಡ್ಡನ್ನು ಹಿಗ್ಗಿಸುವುದಕ್ಕೆ ಉಳಿಯುವುದು ಹತ್ತರಲ್ಲೊಂದು ಪಾಲು. ಮರೆಗೆ ತುಕ್ಕೋ ಮಣ್ಣೋ ಹಿಡಿದಿದ್ದರೆ ಕೈಗೆ ಪೂರಾ ಬಿಗಿಯಾಯಿತೆಂದು ತೋರುತ್ತದೆ, ಸ್ಟಡ್ಡು ಸಡಿಲವಾಗಿಯೇ ಇರುತ್ತದೆ. ಆದ್ದರಿಂದ ಮೇಸ್ತ್ರಿ ಮೊದಲು ಪ್ರತಿಯೊಂದು ಮರೆಯನ್ನೂ ಉಜ್ಜಿ ತೊಳೆದು, ಮರೆಗೂ ವಾಷರಿಗೂ ಎಣ್ಣೆಯ ಪಸೆ ಹಚ್ಚಿದರು. ಪಸೆ ಮಾತ್ರ. ಬೋಲ್ಟೇ ನೇರವಾಗಿ ಬ್ಲಾಕಿಗಿಳಿಯುವ ಎಂಜಿನ್ನುಗಳಲ್ಲಿ, ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತರೆ, ಅದು ಅದುಮಿಸಿಕೊಳ್ಳಲೊಲ್ಲದೆ ಬ್ಲಾಕನ್ನೇ ಸೀಳಬಲ್ಲದು.

ಇನ್ನು ಕ್ರಮ. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟು ಬಳಿದ ಕಾಗದವನ್ನು ನಡುವಿನಿಂದ ಅಂಚಿಗೆ ಸವರುತ್ತಾರೆ. ಅಂಚಿನಿಂದ ತೊಡಗಿದರೆ ನಡುವೆ ಗುಳ್ಳೆ ಉಳಿಯುತ್ತದೆ. ಹೆಡ್ಡಿನ ನ್ಯಾಯವೂ ಅದೇ. ನಡುವಿನ ನಟ್ಟು ಮೊದಲು, ಬಳಿಕ ಅದರ ಎಡಬಲ, ಹೀಗೆ ಹೊರಕ್ಕೆ; ತುದಿಯವು ಕೊನೆಗೆ. ಅದೂ ಒಂದೇ ಉಸಿರಿನಲ್ಲಲ್ಲ: ಮೊದಲ ಸುತ್ತಿಗೆ 15, ಎರಡನೆಯದಕ್ಕೆ 30, ಮೂರನೆಯದಕ್ಕೆ 40. ಈ ಎಂಜಿನ್ನಿಗೆ ವಿಧಿಸಿದ ಅಳತೆ 40 ಅಡಿ-ಪೌಂಡು. ಎಂದರೆ ಒಂದು ಅಡಿ ಉದ್ದದ ಹಿಡಿಯ ತುದಿಗೆ 40 ಪೌಂಡು ತೂಕ ತೂಗಬಿಟ್ಟಷ್ಟು. ಅದನ್ನು ಮುಳ್ಳಿನಿಂದ ತೋರಿಸುವ ಟಾರ್ಕ್ ಸ್ಪ್ಯಾನರ್ ಮೇಸ್ತ್ರಿಯ ಬಳಿ ಇತ್ತು. ಕೈಯಂದಾಜೇ ಸಾಕೆಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗೆ. ಅವರೇ ಎಂದೂ ಹಾಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ಬಿಚ್ಚುವಾಗಲೂ ಇದೇ ಎಚ್ಚರ ಬೇಕು. ಒಂಬತ್ತರಲ್ಲಿ ನಾಲ್ಕು ನಟ್ಟುಗಳು ವಾಲ್ವುಗಳನ್ನು ಆಡಿಸುವ ರಾಕರಿನ ಕಂಬಗಳನ್ನೂ ಹಿಡಿದಿರುತ್ತವೆ. ಎಂಜಿನ್ ತಣ್ಣಗಿರುವಾಗ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸದಿದ್ದರೆ ಹೆಡ್ಡು ಸೊಟ್ಟಗಾದೀತು.

ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ, ರಾತ್ರಿಯೆಲ್ಲ ಆರಲು ಬಿಟ್ಟು, ಬೆಳಿಗ್ಗೆ ಮರಳಿ ನೋಡಿದೆವು. ಹೊಸ ಗ್ಯಾಸ್ಕೆಟ್ ಕಾವಿಗೆ ಅಡಗಿ ಕೂರುತ್ತದೆ, ಬಿಗಿ ಇಳಿಯುತ್ತದೆ. ನಿಂತ ನಟ್ಟು ಕಚ್ಚಿಕೊಂಡಿರುವುದರಿಂದ ಒಂದೊಂದನ್ನೇ ತುಸು ಸಡಿಲಿಸಿ, ಮತ್ತೆ 40ಕ್ಕೆ ತರಬೇಕು. ಅನಂತರ ವಾಲ್ವಿನ ಸಂದನ್ನು ಅಂಗುಲದ ಸಾವಿರದಲ್ಲಿ 12 ಭಾಗಕ್ಕೆ ಸರಿಪಡಿಸಬೇಕು.

ಆ ಬೆಳಿಗ್ಗೆ ಮೇಸ್ತ್ರಿ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. ಜಗ್ಗದೆ, ನಿಧಾನವಾಗಿ ಎಳೆದೆ. ಒಂಬತ್ತನೆಯ ನಟ್ಟಿನಲ್ಲಿ ಮುಳ್ಳು 40ಕ್ಕೆ ಬಂದು ನಿಂತಿತು. ನನ್ನ ತೋಳಿನಲ್ಲಿ ಇನ್ನೂ ಬಲವಿತ್ತು.

“ಸಾಕು, ಮೇಷ್ಟ್ರೇ,” ಎಂದು ಅವರು ಸ್ಪ್ಯಾನರನ್ನು ಹಿಂದಕ್ಕೆ ತೆಗೆದುಕೊಂಡರು.