ವೆಬ್‌ಸೈಟ್: ಸಿದ್ಧ ವಿನ್ಯಾಸವೋ, ಹೇಳಿ ಮಾಡಿಸಿದ್ದೋ?

ಹರಪನಹಳ್ಳಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿದ ಈ ತಾಲ್ಲೂಕು ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಂದಿಗೆ ವಿಜಯನಗರ ಜಿಲ್ಲೆಯ ಪಾಲಾಯಿತು. ವ್ಯಾಪಾರಿಯ ವೆಬ್‌ಸೈಟಿನಲ್ಲಿ ಹಳೆಯ ಜಿಲ್ಲೆಯೇ ಉಳಿದಿದ್ದರೆ ತಿದ್ದುವವರಾರು? ಬಾಡಿಗೆಯ ಸಿದ್ಧ ವಿನ್ಯಾಸದಲ್ಲಿ ಜಿಲ್ಲೆಗಳ ಪಟ್ಟಿಯನ್ನು ಕಂಪನಿಯೇ ಬದಲಿಸುವವರೆಗೆ ಕಾಯಬೇಕಾದೀತು. ಹೇಳಿ ಮಾಡಿಸಿದ ತಾಣವನ್ನು ಕೂಡಲೇ ತಿದ್ದಿಸಬಹುದು, ಮಾಡಿಕೊಟ್ಟಾತ ಫೋನ್ ಎತ್ತಿದರೆ!

ಅಂಗಡಿಯ ವಿಳಾಸ, ಚಿತ್ರ, ದರಪಟ್ಟಿಗೆ ಸಿದ್ಧ ವಿನ್ಯಾಸ ಧಾರಾಳವಾಗಿ ಸಾಕು. ಹಡಗಲಿ ಮಲ್ಲಿಗೆಯ ಮಾತು ಬೇರೆ. ಭೌಗೋಳಿಕ ಗುರುತು ಪಡೆದ ಈ ಹೂವಿನ ಬಾಳಿಕೆ ಅಲ್ಪ, ಬೆಲೆ ದಿನಕ್ಕೊಂದು; ಬಟ್ಟೆ ಮಾರಲೆಂದು ರೂಪಿಸಿದ ಪುಟ ಇದಕ್ಕೆ ಒಗ್ಗದು. ಅಂದಂದಿನ ದರ, ಬಸ್ಸಿನ ವೇಳೆ ತಿಳಿಸುವ ಪುಟವನ್ನು ಮಾಡಿಸುವುದೇ ಲೇಸು.

ಯಾವುದನ್ನೇ ಆರಿಸಿಕೊಳ್ಳಲಿ, ಡೊಮೇನ್ ಮಾತ್ರ ವ್ಯಾಪಾರಿಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಇಲ್ಲವಾದರೆ ವಿನ್ಯಾಸಕಾರ ಊರು ಬಿಟ್ಟಾಗ ತಾಣದ ವಿಳಾಸವೇ ಕೈತಪ್ಪೀತು.